ಎಂಟು ತೋಡಿನ ಪೆಟ್ಟಿಗೆ

ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ತುಕ್ಕು ಹಿಡಿದ ಫ್ಯಾನಿನ ರೆಕ್ಕೆಗಳನ್ನು ಸರಿಸುವಾಗ ಆ ಪುಟ್ಟ ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮುಚ್ಚಳಕ್ಕೆ ಅಂಟಿಸಿದ್ದ ಕಾಗದ ಹರಿದುಹೋಗಿತ್ತು. ಒಳಗೆ ಎದುರುಬದುರಾಗಿ ಕೊರೆದ ಎಂಟು ತೋಡು, ಒಂದೊಂದರಲ್ಲೂ ಒಂದು ಗಾಜು ನಿಲ್ಲಿಸುವ ಏರ್ಪಾಟು. ಐದರಲ್ಲಿ ಗಾಜಿತ್ತು, ಮೂರು ಖಾಲಿ. ‘ಫೋಟೋ ನೆಗೆಟಿವ್ ಸಾರ್, ಕುಕ್ ಟೌನ್ ಕಡೆ ಹಳೇ ಬಂಗ್ಲೆ ಒಡೆದಾಗ ಸಾಮಾನಿನ ಜೊತೆ ಬಂತು’ ಎಂದ ಅಂಗಡಿಯವನು. ಒಂದನ್ನು ಅಂಚು ಹಿಡಿದು ಬಾಗಿಲ ಬೆಳಕಿಗೆ ಎತ್ತಿದೆ. ನೆಗೆಟಿವ್ ಅಲ್ಲ. ಎಲೆಹಸಿರಿನ ಬಳ್ಳಿಯೊಂದು ಮುಗಿಲು ತೂರಿ ಹೋಗಿತ್ತು. ಕೆಂಪು ಟೊಪ್ಪಿಯ ಹುಡುಗನೊಬ್ಬ ಅದಕ್ಕೆ ಜೋತುಬಿದ್ದು ಕೆಳಗೆ ನೋಡುತ್ತಿದ್ದ. ಕೆಳಗೆ ಬೆಂಕಿಪೊಟ್ಟಣದಷ್ಟು ಮನೆ, ಮನೆ ಮುಂದೆ ಚುಕ್ಕೆಯಂಥ ತಾಯಿ.

ಬಸ್ಸಿನಲ್ಲಿ ರಾಮಮೂರ್ತಿ ನಗರಕ್ಕೆ ಬರುವವರೆಗೂ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಒಂದೊಂದು ಗುಂಡಿಗೆ ಇಳಿದಾಗಲೂ ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿಯುತ್ತಿದ್ದೆ.

ನನ್ನ ಕೈಗೆ ಬಂದದ್ದು ಮ್ಯಾಜಿಕ್ ಲ್ಯಾಂಟರ್ನ್ ಸ್ಲೈಡ್. ಸಿನಿಮಾ ಬರುವುದಕ್ಕೆ ಇನ್ನೂರು ವರ್ಷಕ್ಕೂ ಹೆಚ್ಚು ಮುಂಚಿನಿಂದ ಜನರಿಗೆ ಗೋಡೆಯ ಮೇಲೆ ಚಿತ್ರ ತೋರಿಸಿದ ಲಾಂದ್ರ ಅದು. ಒಳಗೆ ದೀಪ. ದೀಪದ ಮುಂದೆ ಬೆಳಕನ್ನು ಒಟ್ಟುಗೂಡಿಸುವ ದಪ್ಪ ಮಸೂರ, ಅದರ ಮುಂದೆ ಚಿತ್ರದ ಗಾಜು, ಕೊನೆಗೆ ಹಿತ್ತಾಳೆ ಕೊಳವೆಯಲ್ಲಿ ಇನ್ನೊಂದು ಮಸೂರ. ಕೊಳವೆಯನ್ನು ಹಿಂದೆ ಮುಂದೆ ಮಾಡಿದರೆ ಮಸುಕು ಚಿತ್ರ ಗೋಡೆಯ ಮೇಲೆ ತಿಳಿಯಾಗುತ್ತದೆ. ಮಸೂರ ಚಿತ್ರವನ್ನು ಬುಡಮೇಲು ಮಾಡುವುದರಿಂದ ಗಾಜನ್ನು ತಲೆಕೆಳಗಾಗಿ ತೂರಿಸಬೇಕು. ಕತ್ತಲಲ್ಲಿ ಕೈ ತಪ್ಪದಿರಲೆಂದು ಇಂಗ್ಲೆಂಡಿನ ತಯಾರಕರು ಗಾಜಿನ ಮೇಲಂಚಿನ ಎರಡು ಮೂಲೆಗೆ ಎರಡು ಬಿಳಿ ಚುಕ್ಕೆ ಇಡುತ್ತಿದ್ದರು. ನನ್ನ ಐದು ಗಾಜಿನಲ್ಲೂ ಆ ಚುಕ್ಕೆಗಳಿವೆ. ಅಳತೆಯೂ ಅಲ್ಲಿಯದೇ: ಮೂರೂಕಾಲು ಅಂಗುಲದ ಚೌಕ. ಫ್ರಾನ್ಸಿನದಾಗಿದ್ದರೆ ಎಂಟೂವರೆಗೆ ಹತ್ತು ಸೆಂಟಿಮೀಟರು, ಅಮೆರಿಕದ್ದಾದರೆ ಮೂರೂಕಾಲಿಗೆ ನಾಲ್ಕು ಅಂಗುಲ ಇರುತ್ತಿತ್ತು.

ಮೂಲೆಯಲ್ಲಿ ಕಾಗದದ ಚೂರಿನ ಮೇಲೆ ಅಂಕಿಗಳಿದ್ದವು: 1, 2, 3, 4, 6. ಮೊದಲನೆಯದರಲ್ಲಿ ಹುಡುಗ ಹಸು ಕೊಟ್ಟು ಒಂದು ಹಿಡಿ ಕಾಳು ತೆಗೆದುಕೊಳ್ಳುತ್ತಿದ್ದಾನೆ. ಎರಡನೆಯದರಲ್ಲಿ ತಾಯಿ ಸಿಟ್ಟಿನಿಂದ ಆ ಕಾಳನ್ನು ಕಿಟಕಿಯಾಚೆ ಎಸೆಯುತ್ತಿದ್ದಾಳೆ. ಮೂರರಲ್ಲಿ ಬಳ್ಳಿ. ನಾಲ್ಕರಲ್ಲಿ ಮುಗಿಲ ಮೇಲಿನ ಮನೆಯ ಬಾಗಿಲು ತೆರೆದ ದೈತ್ಯನ ಹೆಂಡತಿ. ಆರರಲ್ಲಿ ಮೇಜಿಗೆ ತಲೆಯಾನಿಸಿ ಮಲಗಿದ ದೈತ್ಯ, ಪಕ್ಕದಲ್ಲಿ ಕೋಳಿ. ಐದು, ಏಳು, ಎಂಟು ಇಲ್ಲ. ಅಂದರೆ ದೈತ್ಯ ಮನೆಗೆ ಬರುವುದು, ಹುಡುಗ ಕದ್ದು ಓಡುವುದು, ಬಳ್ಳಿ ಕಡಿದು ದೈತ್ಯ ಬೀಳುವುದು, ಕಥೆಯಲ್ಲಿ ಎದೆ ಡವಗುಟ್ಟುವ ಮೂರೂ ಜಾಗ ಕಳೆದುಹೋಗಿದ್ದವು.

ಈ ಲಾಂದ್ರವನ್ನು ಮೊದಲು ಕಟ್ಟಿದವನು ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ ಎಂದು ಚರಿತ್ರಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಶನಿಗ್ರಹದ ಬಳೆಯನ್ನು ಬಳೆಯೆಂದು ಗುರುತಿಸಿದ, ಲೋಲಕದ ಗಡಿಯಾರ ಮಾಡಿದ ಹೈಗೆನ್ಸನೇ. 1659ರಲ್ಲಿ ಅವನು ಲಾಂದ್ರಕ್ಕಾಗಿ ಬರೆದ ಪುಟ್ಟ ಚಿತ್ರಗಳು ಉಳಿದಿವೆ. ಅದರಲ್ಲಿ ಒಂದು ಅಸ್ಥಿಪಂಜರ ತನ್ನ ತಲೆಯನ್ನೇ ಕಿತ್ತು ಕೈಯಲ್ಲಿ ಹಿಡಿದು ಆಡುತ್ತದೆ. ಮೂರು ವರ್ಷದ ಬಳಿಕ ಫ್ರಾನ್ಸಿನ ಅರಮನೆಯಲ್ಲಿ ತೋರಿಸಲು ಒಂದು ಲಾಂದ್ರ ಬೇಕೆಂದು ಅವನ ತಂದೆ ಕೇಳಿದಾಗ ಹೈಗೆನ್ಸನಿಗೆ ನಾಚಿಕೆಯಾಯಿತು. ಇಂಥ ಆಟಿಕೆ ತನ್ನ ಕೈಯಿಂದ ಬಂತೆಂದು ಲೋಕಕ್ಕೆ ತಿಳಿಯುವುದು ಬೇಡವೆನಿಸಿ, ಕಳಿಸಿದ ಮೇಲೆ ಒಂದು ಮಸೂರ ತೆಗೆದು ಕೆಡಿಸಿಬಿಡು ಎಂದು ತಮ್ಮನಿಗೆ ಕಾಗದ ಬರೆದ. ಆ ಕಾಗದವನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ. ಅವನು ನಾಚಿದ ಆಟಿಕೆಯೇ ಮುಂದೆ ಲಕ್ಷಾಂತರ ಮಕ್ಕಳ ಚಳಿಗಾಲದ ಸಂಜೆಗಳನ್ನು ಬೆಳಗಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಲಾಂದ್ರ ಎರಡು ದಾರಿ ಹಿಡಿಯಿತು. ದೊಡ್ಡ ಸಭಾಂಗಣಗಳಲ್ಲಿ ಸುಣ್ಣದ ತುಂಡನ್ನು ಉರಿಯುವ ಅನಿಲಕ್ಕೆ ಒಡ್ಡಿ ಕಣ್ಣು ಕೋರೈಸುವ ಬೆಳಕು ಮಾಡಿ, ಹಗಲಿನ ನೋಟ ಕರಗಿ ರಾತ್ರಿಯಾಗುವಂತೆ, ಬೇಸಿಗೆ ಕರಗಿ ಹಿಮ ಬೀಳುವಂತೆ ತೋರಿಸುತ್ತಿದ್ದರು. ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿಯ ತಗಡಿನ ಲಾಂದ್ರವಿತ್ತು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಎರ್ನ್ಸ್ಟ್ ಪ್ಲಾಂಕ್, ಬಿಂಗ್ ಸಹೋದರರಂಥ ಗೊಂಬೆ ತಯಾರಕರು ಮಕ್ಕಳಿಗಾಗಿಯೇ ಅದನ್ನು ಮಾಡಿ ದೇಶದೇಶಕ್ಕೆ ಕಳಿಸುತ್ತಿದ್ದರು. ಮಕ್ಕಳ ಗಾಜಿಗೆ ಕುಂಚ ಹಿಡಿದು ಬಣ್ಣ ಹಾಕುತ್ತ ಕೂತರೆ ಬೆಲೆ ಏರುತ್ತದೆ. ಹಾಗಾಗಿ ಬಣ್ಣದ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿ, ನೀರಲ್ಲಿ ನೆನೆಸಿ, ಗಾಜಿಗೆ ಒತ್ತಿ ಕಾಗದ ಸುಲಿಯುವ ವಿಧಾನ ಬಂತು. ಚಿಕ್ಕಂದಿನಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ಚಿತ್ರವನ್ನು ಎಂಜಲು ಹಚ್ಚಿ ಮುಂಗೈಗೆ ಒತ್ತಿಕೊಂಡವರಿಗೆಲ್ಲ ಈ ಕೆಲಸ ಗೊತ್ತು. ನನ್ನ ಐದು ಗಾಜೂ ಇಂಥ ಅಚ್ಚಿನವೇ. ಭೂತಕನ್ನಡಿ ಹಿಡಿದರೆ ಹುಡುಗನ ಕೆನ್ನೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ.

ಲಂಡನ್ನಿನ ಡಬ್ಲ್ಯೂ. ಬುಚರ್ ಅಂಡ್ ಸನ್ಸ್ ಕಂಪನಿ ‘ಪ್ರೈಮಸ್’ ಹೆಸರಿನಲ್ಲಿ ಮಕ್ಕಳ ಕಥೆಗಳನ್ನು ಎಂಟೆಂಟು ಗಾಜಿನ ಪೆಟ್ಟಿಗೆಗಳಾಗಿ ಮಾರುತ್ತಿತ್ತು. ಆಲಿಸಳ ಅದ್ಭುತಲೋಕದ ಕಥೆಗೆ ಮೂರು ಪೆಟ್ಟಿಗೆ, 24 ಗಾಜು. ಆ ಮಾಲೆಗೆ ಅವರಿಟ್ಟ ಹೆಸರಿನಲ್ಲಿ ‘ಕಿರಿಯ ಉಪನ್ಯಾಸಕರು’ ಎಂಬ ಅರ್ಥವಿತ್ತು. ಮಕ್ಕಳೇ ಓದಿ ಹೇಳಲೆಂದು ಚಿತ್ರದ ಜೊತೆ ಕಥೆಯ ಪಾಠವನ್ನೂ ಅಚ್ಚು ಹಾಕಿ ಕೊಡುತ್ತಿದ್ದರು. ಚಿತ್ರ ಅಲುಗುವುದಿಲ್ಲ, ಮಾತಾಡುವುದಿಲ್ಲ. ಎಂಟೇ ಎಂಟು ಕ್ಷಣಗಳನ್ನು ಹಿಡಿದಿಟ್ಟು ಉಳಿದದ್ದನ್ನೆಲ್ಲ ಹೇಳುವವರ ಬಾಯಿಗೆ ಬಿಡುತ್ತದೆ. ದೊಡ್ಡ ಸಭೆಗಳಲ್ಲಿ ಹೇಳುವವರು ಮುಂದೆ ನಿಂತು, ಹಿಂದೆ ನಿಂತ ಲಾಂದ್ರದವನಿಗೆ ಗಾಜು ಬದಲಿಸಲು ಗಂಟೆಯ ಸನ್ನೆಯನ್ನೋ ಕೋಲಿನ ಸದ್ದನ್ನೋ ಮಾಡುತ್ತಿದ್ದರು. ಹೇಳುವ ದನಿಯನ್ನು ತೆಗೆದುಬಿಟ್ಟರೆ ಸ್ಲೈಡು ಬರೀ ಬಣ್ಣದ ಗಾಜು. ಹಳೆಯ ಸ್ಲೈಡುಗಳನ್ನು ಕಾಪಾಡುವವರು ಗಾಜನ್ನು ಜೋಪಾನ ಮಾಡುವಷ್ಟೇ ಆ ಹೇಳುಗಾರಿಕೆಯನ್ನೂ ಜೋಪಾನ ಮಾಡಬೇಕು ಎಂದು ನನಗೆ ಬಲವಾಗಿ ಅನಿಸಿರುವುದು ಇದರಿಂದಲೇ.

ನನ್ನ ಪೆಟ್ಟಿಗೆ ಯಾವ ವರ್ಷ ಕಂಟೋನ್ಮೆಂಟಿಗೆ ಬಂದಿತೋ, ಅದನ್ನು ಯಾವ ಮನೆಯ ಮಕ್ಕಳು ನೋಡಿದರೋ. ಬೆಂಗಳೂರಿಗೆ ಕರೆಂಟು ಬಂದದ್ದು 1905ರ ಆಗಸ್ಟಿನಲ್ಲಿ. ಶಿವನಸಮುದ್ರದ ವಿದ್ಯುತ್ತು ಅದಕ್ಕೂ ಮೂರು ವರ್ಷ ಮೊದಲೇ, 1902ರಲ್ಲೇ, ಕೋಲಾರದ ಚಿನ್ನದ ಗಣಿಗೆ ಹೋಗಿಯಾಗಿತ್ತು. ಕಂಬದ ದೀಪ ಬಂದ ಮೇಲೂ ಮನೆಯೊಳಗಿನ ಲಾಂದ್ರಗಳು ಬಹುಕಾಲ ಸೀಮೆಎಣ್ಣೆಯಲ್ಲೇ ಉರಿದವು. ಕಿಟಕಿಗೆ ಕಂಬಳಿ ಹೊದಿಸಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಬತ್ತಿ ಏರಿಸಿದಾಗ ಕೋಣೆ ತುಂಬುವ ಎಣ್ಣೆ ಹೊಗೆ, ಕಾದ ತಗಡಿನ ವಾಸನೆ. ಚಿತ್ರಕ್ಕಿಂತ ಮುಂಚೆ ಆ ವಾಸನೆಯೇ ಮಕ್ಕಳಿಗೆ ಕಥೆ ಶುರುವಾಯಿತೆಂದು ಹೇಳುತ್ತಿದ್ದಿರಬೇಕು. ಆ ಮನೆಗಳಲ್ಲಿ ಕಥೆ ನಡೆದದ್ದು ಇಂಗ್ಲಿಷಿನಲ್ಲಿ. ಬಾಗಿಲ ಸಂದಿಯಿಂದ ಅಡುಗೆಯವರ, ಆಯಾಗಳ ಮಕ್ಕಳೂ ಇಣುಕಿ ಆ ಬಳ್ಳಿಯನ್ನು ನೋಡಿರಬಹುದು, ಮನೆಗೆ ಹೋಗಿ ತಮ್ಮ ಮಾತಿನಲ್ಲಿ ಹೇಳಿರಬಹುದು ಎಂದು ಯೋಚಿಸುವುದು ನನಗೆ ಇಷ್ಟ.

ಬೆಳಕಿನಲ್ಲಿ ಕಥೆ ಕಾಣುವುದು ನಮ್ಮವರಿಗೆ ಹೊಸದೇನಲ್ಲ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತರು ಹದ ಮಾಡಿ ಬೆಳಕು ಹಾಯುವಂತೆ ತೆಳುವಾಗಿಸಿದ ಚರ್ಮಕ್ಕೆ ಬಣ್ಣ ತುಂಬಿ, ಬಿಳಿ ಪರದೆಯ ಹಿಂದೆ ಎಣ್ಣೆ ದೀಪವಿಟ್ಟು ರಾಮಾಯಣ, ಮಹಾಭಾರತ ಆಡಿಸಿದರು. ಅಲ್ಲಿ ಮಸೂರವಿಲ್ಲ, ಆದ್ದರಿಂದ ಏನೂ ತಲೆಕೆಳಗಾಗುವುದಿಲ್ಲ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣ ಹೊಳೆಯುತ್ತದೆ, ಹಿಂದೆ ಸರಿಸಿದರೆ ಮಸುಕಾಗುತ್ತದೆ. ಕೆಲವು ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಇಡೀ ಪ್ರಸಂಗವೇ ಇರುತ್ತದೆ: ಮರ, ಮರದ ಮೇಲೆ ಕೃಷ್ಣ, ಕೊಂಬೆಗಳಲ್ಲಿ ಸೀರೆ, ಕೆಳಗೆ ಗೋಪಿಯರು. ಅಂಥ ಗೊಂಬೆಯನ್ನು ಸ್ಲೈಡಿನ ಪಕ್ಕದಲ್ಲಿಟ್ಟು ನೋಡಬೇಕು. ಎರಡಕ್ಕೂ ಒಂದೇ ಬುದ್ಧಿ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಆ ಸುದ್ದಿ ಓದಿದ ದಿನ ನಾನು ಪೆಟ್ಟಿಗೆ ತೆಗೆದು ಐದು ಗಾಜನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ.

ಲಾಂದ್ರವನ್ನೂ ನಮ್ಮ ಕಥೆಯನ್ನೂ ಒಂದುಗೂಡಿಸಿದವರು ಪಕ್ಕದ ಮಹಾರಾಷ್ಟ್ರದಲ್ಲಿದ್ದರು. ಮುಂಬಯಿ ಹತ್ತಿರದ ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು 1892ರಲ್ಲಿ ‘ಶಾಂಬರಿಕ ಖರೋಲಿಕಾ’ ಎಂಬ ಪ್ರದರ್ಶನ ಶುರು ಮಾಡಿದರು. ಹೆಸರಿನಲ್ಲಿರುವುದು ಪ್ರದ್ಯುಮ್ನನ ಕಥೆಯ ಮಾಯಾವಿ ಶಂಬರಾಸುರ. ಪುರಾಣದ ಪಾತ್ರಗಳನ್ನು ಗಾಜಿನ ಮೇಲೆ ಕೈಯಿಂದ ಬರೆದು, ಒಂದೇ ಪಾತ್ರಕ್ಕೆ ಹಲವು ಭಂಗಿಯ ಗಾಜು ಮಾಡಿ, ಒಂದರ ಹಿಂದೊಂದು ಬೇಗ ಬೇಗ ಬದಲಿಸಿ ಚಿತ್ರ ನಡೆದಾಡುವಂತೆ ತೋರಿಸಿದರು. ಜೊತೆಗೆ ಮಾತು, ಹಾಡು. ಭಾರತಕ್ಕೆ ಸಿನಿಮಾ ಬಂದದ್ದು 1896ರಲ್ಲಿ, ಅದಕ್ಕಿಂತ ನಾಲ್ಕು ವರ್ಷ ಮೊದಲು ಇದು ನಡೆದಿತ್ತು.

ನಮ್ಮ ತಲೆಮಾರಿನ ಮಕ್ಕಳು ಲ್ಯಾಂಟರ್ನ್ ಕಂಡಿರಲಿಲ್ಲ, ಆದರೆ ಅದನ್ನು ಮತ್ತೆ ಕಂಡುಹಿಡಿದಿದ್ದೆವು. ಊರಿಗೆ ಟೆಂಟ್ ಸಿನಿಮಾ ಬಂದಾಗ ರೀಲು ಹರಿದು ಬಿಸಾಡಿದ ಫಿಲಂ ತುಂಡುಗಳನ್ನು ಆಯುತ್ತಿದ್ದೆವು. ರಾಜ್‌ಕುಮಾರ್ ಇರುವ ತುಂಡಿಗೆ ಬೆಲೆ ಜಾಸ್ತಿ, ನಾಲ್ಕು ಗೋಲಿ ಕೊಡಬೇಕಿತ್ತು. ಕೆಟ್ಟುಹೋದ ಬಲ್ಬಿನ ಬುಡ ಬಿಡಿಸಿ, ಒಳಗಿನ ತಂತಿ ತೆಗೆದು, ನೀರು ತುಂಬಿಸಿದರೆ ಅದೇ ಮಸೂರ. ಒಬ್ಬ ಹೊರಗೆ ಬಿಸಿಲಲ್ಲಿ ಕನ್ನಡಿ ಹಿಡಿದು ಕಿಟಕಿಯ ಸಂದಿಯಿಂದ ಬೆಳಕು ಒಳಕ್ಕೆ ಹಾಯಿಸಬೇಕು. ಒಳಗೆ ಇನ್ನೊಬ್ಬ ಬಲ್ಬಿನ ಹಿಂದೆ ಫಿಲಮನ್ನು ತಲೆಕೆಳಗಾಗಿ ಹಿಡಿಯಬೇಕು. ಗೋಡೆಗೆ ಕಟ್ಟಿದ ಅಪ್ಪನ ಪಂಚೆಯ ಮೇಲೆ ಅಣ್ಣಾವ್ರು ನಿಲ್ಲುತ್ತಿದ್ದರು. ಮೋಡ ಬಂದರೆ ಆಟ ನಿಂತಿತು. ಕನ್ನಡಿ ಹಿಡಿದವನ ಕೈ ಸೋತರೆ ಅವರು ಮೆಲ್ಲಗೆ ಗೋಡೆಯಿಂದ ಜಾರಿ ಮೂಲೆಯಲ್ಲಿ ಮಾಯವಾಗುತ್ತಿದ್ದರು. ಹೈಗೆನ್ಸನ ಲಾಂದ್ರದಲ್ಲಿದ್ದದ್ದೆಲ್ಲ ಆ ಕೋಣೆಯಲ್ಲಿತ್ತು. ದೀಪದ ಜಾಗದಲ್ಲಿ ಸೂರ್ಯನಿದ್ದ, ಅಷ್ಟೇ. ಕಥೆಯನ್ನು ನಾವೇ ಹೇಳಬೇಕಿತ್ತು. ಒಂದು ತುಂಡಿನಲ್ಲಿ ಕುದುರೆ, ಇನ್ನೊಂದರಲ್ಲಿ ಅಳುವ ತಾಯಿ, ಮತ್ತೊಂದರಲ್ಲಿ ಹಾಡಿನ ತೋಟ. ಬೇರೆ ಬೇರೆ ಸಿನಿಮಾದ ಆ ಚೂರುಗಳನ್ನು ಹೊಲಿದು ಮಧ್ಯಾಹ್ನಕ್ಕೊಂದು ಹೊಸ ಕಥೆ ಕಟ್ಟುತ್ತಿದ್ದೆವು.

ಟೆಂಟಿನಲ್ಲೂ ಥಿಯೇಟರುಗಳಲ್ಲೂ ಗಾಜಿನ ಸ್ಲೈಡು ಬಹುಕಾಲ ಬದುಕಿತ್ತು. ‘ಧೂಮಪಾನ ನಿಷೇಧಿಸಿದೆ’, ‘ನಮ್ಮ ಮುಂದಿನ ಚಿತ್ರ’, ಸೀರೆ ಅಂಗಡಿ, ಹಲ್ಲುಪುಡಿ. ತುರ್ತು ಸುದ್ದಿಯಿದ್ದರೆ ಗಾಜಿಗೆ ಮಸಿ ಹಿಡಿಸಿ ಸೂಜಿಯಿಂದ ಬರೆದು ತೂರಿಸುವುದೂ ಇತ್ತು. ಒಮ್ಮೊಮ್ಮೆ ಸ್ಲೈಡು ತಲೆಕೆಳಗಾಗಿ ಬಂದು ಇಡೀ ಟೆಂಟು ಶಿಳ್ಳೆ ಹಾಕುತ್ತಿತ್ತು.

ಹಸು ಮಾರಿದ ಆ ಹುಡುಗನ ಕಥೆಗೂ ನಮ್ಮ ಊರಿಗೂ ಇನ್ನೊಂದು ನಂಟಿದೆ. 1965ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಮಕ್ಕಳ ಚಿತ್ರಕಥೆಗಳು ಕನ್ನಡದಲ್ಲಿ ಬಂದವು. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು ಸಿಂಡರೆಲ್ಲಾ, ಅಲ್ಲಾದೀನ್, ಬಳ್ಳಿ ಹತ್ತಿದ ಜಾಕ್ ಇಂಥವೇ. ಮಾಲೆಯ ಹನ್ನೊಂದನೆಯ ಪುಸ್ತಕ ಕೃಷ್ಣ. ಗಾಜಿನ ಸ್ಲೈಡಿನಲ್ಲಿ ಕಂಟೋನ್ಮೆಂಟಿನ ಬಂಗಲೆಗಳಿಗೆ ಬಂದ ಕಥೆಗಳೇ ಕನ್ನಡ ಅಕ್ಷರ ತೊಟ್ಟು ಪೇಟೆಯ ಮಕ್ಕಳ ಕೈ ಸೇರಿದವು. ಅದಕ್ಕೂ ಬಹಳ ಮೊದಲು ಕುವೆಂಪು ಅವರು ಇಲಿ ಓಡಿಸುವ ಹ್ಯಾಮೆಲಿನ್ನಿನ ಕೊಳಲುಗಾರನನ್ನು ಬ್ರೌನಿಂಗನ ಪದ್ಯದಿಂದ ಕರೆತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದ್ದರು. ಲಾಂದ್ರದ ಕಾಲದ ಮಕ್ಕಳಿಗೆ ಅತ್ಯಂತ ಪ್ರಿಯವಾದ ಆಡುವ ಸ್ಲೈಡೂ ಇಲಿಯದೇ: ಮಂಚದ ಮೇಲೆ ಗಡ್ಡದವನೊಬ್ಬ ಬಾಯಿ ತೆರೆದು ಮಲಗಿದ್ದಾನೆ, ಹಿಡಿ ತಿರುಗಿಸಿದರೆ ಇಲಿಗಳು ಸಾಲಾಗಿ ಅವನ ಹೊದಿಕೆಯ ಮೇಲೆ ಹತ್ತಿ ಗಬಕ್ ಗಬಕ್ಕೆಂದು ಬಾಯೊಳಗೆ ಹೋಗುತ್ತವೆ. ಕಿಂದರಿಜೋಗಿಗೆ ಎಂಟು ಗಾಜು ಮಾಡಿದ್ದರೆ ಯಾವ ಎಂಟು ಇರುತ್ತಿದ್ದವು ಎಂದು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ. ಕೊನೆಯ ಗಾಜು ಮಾತ್ರ ನನಗೆ ಗೊತ್ತು: ಎಲ್ಲರೂ ಹೋದ ಮೇಲೆ ಒಬ್ಬನೇ ಉಳಿದ ಕುಂಟ ಹುಡುಗ.

ಪೆಟ್ಟಿಗೆ ಮನೆಗೆ ಬಂದ ಮೊದಲ ವಾರ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಗಾಜಿನ ಬಣ್ಣದ ಮೈಯನ್ನು ಮುಟ್ಟದೇ ಇದ್ದದ್ದು. ಕೊಳೆ ಕಂಡರೆ ಒದ್ದೆ ಬಟ್ಟೆ ಹಿಡಿಯುವುದು ನಮ್ಮ ಅಭ್ಯಾಸ. ಇಂಥ ಬಣ್ಣ ನೀರು ತಾಕಿದರೆ ಎದ್ದುಬರಬಹುದು. ಮೃದುವಾದ ಒಣ ಕುಂಚದಲ್ಲಿ ಧೂಳು ಸರಿಸಿ, ಅಂಚು ಹಿಡಿದೇ ಎತ್ತಿ, ಗಾಜನ್ನು ನಿಲ್ಲಿಸಿಯೇ ಇಡಬೇಕು. ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಒಡೆಯುತ್ತದೆ. ಅಂಚಿನ ಕಪ್ಪು ಕಾಗದದ ಪಟ್ಟಿಯ ಅಂಟು ಜಿರಲೆಗೆ ಪ್ರಿಯ, ಬೆಂಗಳೂರಿನ ಮಳೆಗಾಲದ ಥಂಡಿ ಬೂಷ್ಟಿಗೆ ಪ್ರಿಯ. ಬೀರುವಿನ ಬೆಚ್ಚನೆಯ ಒಣ ಮೂಲೆಯೊಂದು ಈಗ ಅದಕ್ಕೆಂದೇ ಇದೆ.

ತೋರಿಸುವುದಕ್ಕೆ ಹಳೆಯ ಲಾಂದ್ರ ಹುಡುಕಲಿಲ್ಲ. ಸೀಮೆಎಣ್ಣೆ ದೀಪದ ಕಾವಿಗೆ ಈ ವಯಸ್ಸಿನ ಗಾಜನ್ನು ಒಡ್ಡಲು ಮನಸ್ಸಾಗಲಿಲ್ಲ. ರಟ್ಟಿನ ಡಬ್ಬಿ, ಬಿಸಿಯಾಗದ ಎಲ್‌ಇಡಿ ಟಾರ್ಚು, ಎರಡು ಭೂತಕನ್ನಡಿ. ಜನವರಿಯ ಒಂದು ಸಂಜೆ ನಮ್ಮ ಮಹಡಿಯ ಮೇಲೆ ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ಕಂಬಕ್ಕೆ ಪಂಚೆ ಕಟ್ಟಿದೆವು. ಬೀದಿಯ ಮಕ್ಕಳು ಹನ್ನೊಂದು ಜನ ಬಂದರು. ನಮ್ಮ ರಾಮಮೂರ್ತಿ ನಗರದ ಯಾವ ಬೀದಿಯಲ್ಲೂ ಹಾಗೆಯೇ, ಮಕ್ಕಳು ಒಬ್ಬರನ್ನೊಬ್ಬರು ಕರೆಯುವುದು ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲದರಲ್ಲೂ. ಪಕ್ಕದ ಮನೆಯ ಅಜ್ಜಿಯೂ ಮೊಮ್ಮಗನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವರ ಯಜಮಾನರು ದೂರವಾಣಿನಗರದ ಐಟಿಐನಲ್ಲಿ ಟೆಲಿಫೋನ್ ಜೋಡಿಸುತ್ತಿದ್ದವರು. ಅಜ್ಜಿ ಕೋಲಾರದ ಕಡೆಯವರು. ಕುರ್ಚಿ ಹಾಕಿಕೊಟ್ಟರೂ ಒಲ್ಲದೆ ಚಾಪೆಯ ಮೇಲೆ ಮಕ್ಕಳ ನಡುವೆಯೇ ಕೂತರು.

ಮೊದಲ ಗಾಜು ಹಾಕಿ ಹೇಳತೊಡಗಿದೆ. ಒಬ್ಬ ಹುಡುಗ, ಒಬ್ಬಳು ತಾಯಿ, ಮನೆಯಲ್ಲಿ ಬಡತನ, ಹಸು ಮಾರಲು ಹೊರಟ. ನನ್ನ ದನಿ ನನಗೇ ಪುಸ್ತಕ ಓದಿದಂತೆ ಕೇಳುತ್ತಿತ್ತು. ಅಷ್ಟರಲ್ಲಿ ಅಜ್ಜಿ, ‘ಹಾಲು ಕೊಡೋ ಹಸಾನ ಕೊಟ್ಟು ಏನಪ್ಪ ತಗಂಡ?’ ಎಂದರು. ಕಾಳು ಎಂದೆ. ‘ಯಾವ ಕಾಳು?’ ನನಗೆ ತೋಚಲಿಲ್ಲ. ‘ಅವರೆಕಾಳೇ ಇರ್ಬೇಕು ಬಿಡು, ಬಳ್ಳಿ ಹಬ್ತದಲ್ಲ’ ಎಂದು ಅವರೇ ತೀರ್ಮಾನ ಕೊಟ್ಟರು. ಕೆಳಗಿನ ಅಡುಗೆಮನೆಯಿಂದ ಹಿದುಕವರೆ ಸಾರಿನ ಘಮ ಮಹಡಿಗೆ ಏರುತ್ತಿತ್ತು. ಮಕ್ಕಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ನಾಲ್ಕನೆಯ ಗಾಜು ತೆಗೆದಾಗ ಐದನೆಯ ಜಾಗದಲ್ಲಿ ಹಾಕಲು ಏನೂ ಇರಲಿಲ್ಲ. ಪಂಚೆಯ ಮೇಲೆ ಬರೀ ಬಿಳಿ ಬೆಳಕು. ‘ಅಂಕಲ್, ಮಧ್ಯದ್ದು ಎಲ್ಲಿ?’ ಎಂದು ಮಕ್ಕಳು ಕೂಗಿದರು. ಕಳೆದುಹೋಗಿದೆ ಎನ್ನಲು ಬಾಯಿ ತೆರೆದೆ. ಅಜ್ಜಿ ಹಿಂದಿನಿಂದ ಮೆಲ್ಲಗೆ, ‘ರಾಕ್ಷಸ ಬಂದ. ಬಾಗ್ಲಲ್ಲೇ ನಿಂತ. ಮೂಗು ಅರಳಿಸ್ದ. ನರವಾಸ್ನೆ ಬರ್ತೈತೆ ನರವಾಸ್ನೆ ಅಂದ’ ಎಂದರು. ಅಜ್ಜಿಯರ ಕಥೆಯಲ್ಲಿ ಎಷ್ಟೋ ಕಾಲದಿಂದ ರಾಕ್ಷಸ ಮನೆಗೆ ಬಂದೊಡನೆ ಆಡುವ ಮಾತು ಅದೇ. ಇಂಗ್ಲಿಷ್ ಕಥೆಯ ದೈತ್ಯನೂ ಸರಿಯಾಗಿ ಅದೇ ಜಾಗದಲ್ಲಿ ಮನುಷ್ಯನ ವಾಸನೆ ಹಿಡಿಯುತ್ತಾನೆ. ಅಜ್ಜಿಗೆ ಆ ಕಥೆ ಗೊತ್ತಿರಲಿಲ್ಲ. ಅವರು ಬೆಳಕಿನ ಮುಂದೆ ಕೈಯೆತ್ತಿದರು. ಐದು ಬೆರಳಿನ ನೆರಳು ಪಂಚೆಯಗಲ ಬೆಳೆದು ಹುಡುಗ ಅವಿತ ಜಾಗವನ್ನು ತಡಕಾಡಿತು. ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಸರಿದರು. ತಮಿಳು ಮನೆಯ ಪುಟ್ಟವಳು ಅಜ್ಜಿಯ ಸೆರಗು ಹಿಡಿದುಕೊಂಡಳು. ನಾನು ಟಾರ್ಚು ಅಲುಗದಂತೆ ಹಿಡಿದು ಸುಮ್ಮನೆ ನಿಂತೆ. ಆಮೇಲೆ ಕಥೆ ಹೇಳುವ ಕೆಲಸ ಅವರದೇ ಆಯಿತು.

ಆಟ ಮುಗಿದ ಮೇಲೆ ಕಳೆದ ಮೂರು ಗಾಜನ್ನು ನಾವೇ ಮಾಡೋಣವೆಂದು ಮಕ್ಕಳು ಹಟ ಹಿಡಿದರು. ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಮೂರೂಕಾಲು ಅಂಗುಲಕ್ಕೆ ಮೂರು ಗಾಜು ಕತ್ತರಿಸಿ ತಂದು, ಅಂಚು ಕೈ ಕುಯ್ಯದಂತೆ ಟೇಪು ಸುತ್ತಿ, ಮಾರ್ಕರ್ ಪೆನ್ನು ಕೊಟ್ಟೆ. ಐದರಲ್ಲಿ ರಾಕ್ಷಸನಿಗೆ ಮುಖಕ್ಕಿಂತ ಮೂಗೇ ದೊಡ್ಡದಾಯಿತು. ಏಳರಲ್ಲಿ ಹುಡುಗ ಕೋಳಿಯನ್ನು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಓಡುತ್ತಿದ್ದ. ಎಂಟನೆಯದನ್ನು ಆ ತಮಿಳು ಪುಟ್ಟಿ ಬರೆದಳು: ಕಡಿದ ಬಳ್ಳಿ, ಪಕ್ಕದಲ್ಲಿ ಕೈ ಎರಡೂ ಮೇಲೆತ್ತಿ ನಿಂತ ರಾಕ್ಷಸ. ಮುಂದಿನ ಭಾನುವಾರ ಪಂಚೆ ಕಟ್ಟಿದಾಗ, ನಾನು ತಿರುಗಿಸಿ ಹಾಕುವ ಮೊದಲೇ ಅವಳು ತನ್ನ ಗಾಜನ್ನು ತಾನೇ ತೂರಿಸಿದಳು, ಬರೆದ ಹಾಗೆಯೇ, ನೆಟ್ಟಗೆ. ಪಂಚೆಯ ಮೇಲೆ ರಾಕ್ಷಸ ಕಾಲು ಮೇಲಾಗಿ, ಕೈ ಚಾಚಿ, ತಲೆ ಕೆಳಗಾಗಿ ಮುಗಿಲಿನಿಂದ ಬೀಳುತ್ತಿದ್ದ. ಹೋ ಎಂದು ಇಡೀ ಮಹಡಿ ಕೂಗಿತು. ಸರಿಮಾಡಲು ನಾನು ಕೈ ಚಾಚಿದೆ. ‘ಬ್ಯಾಡ ಕಣಪ್ಪ, ಹಂಗೇ ಇರ್ಲಿ’ ಎಂದರು ಅಜ್ಜಿ. ಆ ಗಾಜಿಗೆ ನಾನಿನ್ನೂ ಬಿಳಿ ಚುಕ್ಕೆ ಇಟ್ಟಿಲ್ಲ.